ಏಸಿ ಹಾಕಿದರೆ ಏರುವ ಮುಳ್ಳು

ಅಕ್ಕನ ಕಾರು ಮೂರನೇ ಸಲ ಗ್ಯಾರೇಜಿನ ಮುಂದೆ ಬಂದು ನಿಂತಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕಾರಿನ ಮೇಲೆ ಕೋಪ, ಅದನ್ನು ಓಡಿಸಿಕೊಂಡು ಬಂದವಳ ಮೇಲೆ ಅದಕ್ಕಿಂತ ಹೆಚ್ಚು ಕೋಪ. ಅವಳೋ ಇಳಿಯುತ್ತಲೇ ಹಲ್ಲು ಕಿರಿದು, ಇದನ್ನು ರಿಪೇರಿ ಮಾಡಿದ ಮಹಾನುಭಾವರು ಇಲ್ಲೇ ಇದ್ದಾರಾ ಎಂದು ಕೇಳಿದಳು. ಇಪ್ಪತ್ತೆರಡು ವರ್ಷದಿಂದ ಎಂಜಿನ್ ಬಿಚ್ಚಿ ಜೋಡಿಸುತ್ತಿರುವವನು ನಾನು. ಬರೀ ಸದ್ದು ಕೇಳಿ ಗಾಡಿಯ ಕಾಯಿಲೆ ಹೇಳುತ್ತೇನೆಂದು ಜಂಭ ಬೇರೆ. ಒಡಹುಟ್ಟಿದವಳ ಗಾಡಿಯೇ ಹೀಗೆ ಕೈಕೊಟ್ಟರೆ ಮಾನ ಉಳಿಯುತ್ತದೆಯೇ?

ಕಾಯಿಲೆ ಇಷ್ಟೇ. ಏಸಿ ಹಾಕದೆ ಓಡಿಸಿದರೆ ಎಂಜಿನ್ ತೆಪ್ಪಗಿರುತ್ತದೆ. ಏಸಿ ಹಾಕಿ ಬಿಸಿಲಲ್ಲಿ ಹತ್ತು ನಿಮಿಷ ಹೋದರೆ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಏರಿ ಕೆಂಪು ಗೆರೆ ಮುಟ್ಟುತ್ತದೆ. ಏಸಿ ಆರಿಸಿದರೆ ಇಳಿಯುತ್ತದೆ. ಮೊದಲ ಸಲ ಬಂದಾಗ ಕೂಲೆಂಟ್ ಬದಲಾಯಿಸಿದ್ದೆ. ಎರಡನೇ ಸಲ ಥರ್ಮೋಸ್ಟಾಟ್ ಹೊಸದು ಹಾಕಿ, ಫ್ಯಾನ್ ಗಿರ್ರನೆ ತಿರುಗುವುದನ್ನು ಕಣ್ಣಾರೆ ನೋಡಿ, ಸಾಲದ್ದಕ್ಕೆ ಮುಂದಿನ ಜಾಲರಿಯೊಳಗೆ ಪೈಪಿಟ್ಟು ಜೋರಾಗಿ ನೀರು ಹೊಡೆದು ಫಳಫಳ ಮಾಡಿ ಕಳಿಸಿದ್ದೆ. ಗ್ಯಾರೇಜಿನ ನೆರಳಲ್ಲಿ ಅರ್ಧ ಗಂಟೆ ಎಂಜಿನ್ ಓಡಿಸಿದರೂ ಮುಳ್ಳು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ರಸ್ತೆಗೆ ಇಳಿದರೆ ಮತ್ತೆ ಅದೇ ರಾಗ.

ಬರೀ ನನ್ನ ಮಾನದ ಮಾತಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಗುರುವಾರ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಅವಳಿಗೆ ಮನುಷ್ಯರ ಆಕಾರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಿಂದೆ ಎರಡು ಸಲ ಆಪರೇಷನ್ನಿಗೆ ದಿನ ಗೊತ್ತಾದಾಗ ಒಮ್ಮೆ ನೆಗಡಿ ಎಂದು ತಪ್ಪಿಸಿಕೊಂಡಳು, ಇನ್ನೊಮ್ಮೆ ನಮ್ಮ ಹಾಸಿಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದಳು. ಪೊರೆ ಗಟ್ಟಿಯಾಗುತ್ತಿದೆ, ಇನ್ನೂ ತಡ ಮಾಡಿದರೆ ತೆಗೆಯುವುದು ಕಷ್ಟ ಎಂದು ಡಾಕ್ಟರು ನನಗೆ ಖಡಾಖಂಡಿತವಾಗಿ ಹೇಳಿದ್ದರು. ಆಸ್ಪತ್ರೆ ಒಂದೂವರೆ ಗಂಟೆ ದೂರ, ದಾರಿಯುದ್ದಕ್ಕೂ ಧೂಳು. ವಾಪಸು ಬರುವಾಗ ಕಣ್ಣಿಗೆ ಧೂಳು ತಾಗಬಾರದು, ಬೆವರು ಇಳಿಯಬಾರದು, ಕಿಟಕಿ ಮುಚ್ಚಿ ಏಸಿ ಹಾಕಿಕೊಂಡೇ ಬರಬೇಕು. ಬೇರೆ ಗಾಡಿ ಗೊತ್ತುಮಾಡುತ್ತೇನೆಂದರೆ, ಮೆಕ್ಯಾನಿಕ್ಕನ ತಾಯಿ ಬಾಡಿಗೆ ಗಾಡಿ ಹತ್ತುವುದೇ ಎಂದು ಪಟ್ಟು ಹಿಡಿದಳು.

"ಗಾಡಿ ಸರಿಹೋಗ್ಲಿ ಬಿಡೋ, ಆಮೇಲೆ ನೋಡೋಣ," ಎಂದಳು. ಆ ನೆಮ್ಮದಿಯ ದನಿ ಕೇಳಿಯೇ ನನಗೆ ತಲೆ ಕೆಟ್ಟಿತು. ಈ ಸಲ ಅವಳಿಗೆ ನೆಪ ಒದಗಿಸಿಕೊಟ್ಟವನು ನಾನೇ.

ಅಮ್ಮ ನಲವತ್ತು ವರ್ಷ ಹಾಸಿಗೆ ಹೊಲಿದವಳು. ಈಗ ಅಂಗಡಿ ನೋಡಿಕೊಳ್ಳುವುದು ಅಕ್ಕ. ಅಮ್ಮ ಬಾಗಿಲ ಬಳಿ ಕುಳಿತು ಬಂದ ಹತ್ತಿಯನ್ನು ಹಿಡಿಹಿಡಿಯಾಗಿ ಮುಟ್ಟಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುತ್ತಾಳೆ. ಅಕ್ಕ ಸೂಜಿಗೆ ದಾರ ಪೋಣಿಸಿಕೊಟ್ಟರೆ ಈಗಲೂ ಬೆರಳಳತೆಯಲ್ಲೇ ಅಂಚು ಹೊಲಿಯುತ್ತಾಳೆ. ದಾರಕ್ಕಾಗಿ ಮಗಳನ್ನು ಕೂಗಬೇಕಲ್ಲ ಎಂಬುದೊಂದೇ ಅವಳಿಗೆ ಅವಮಾನ.

ಬುಧವಾರ ಬೆಳಗ್ಗೆ ಗಾಡಿಯನ್ನು ರಸ್ತೆಯಲ್ಲೇ ಪರೀಕ್ಷಿಸುತ್ತೇನೆಂದು ಹೊರಟೆ. ಅಮ್ಮ ತಾನೂ ಬರುತ್ತೇನೆಂದು ಮುಂದಿನ ಸೀಟು ಹಿಡಿದಳು. ನನ್ನ ಸೋಲು ನೋಡಲು ಹೊರಟಿದ್ದಾಳೆಂದು ನನಗೆ ಗೊತ್ತಿತ್ತು. ಅಕ್ಕ ಹಿಂದೆ ಕುಳಿತಳು. ಏಸಿ ಹಾಕಿದೆ. ಎರಡು ನಿಮಿಷಕ್ಕೊಮ್ಮೆ ಅಮ್ಮನದು ಒಂದೇ ಪ್ರಶ್ನೆ, ಮುಳ್ಳು ಎಲ್ಲಿದೆ? ಅರ್ಧಕ್ಕಿದೆ ಎಂದೆ. ಮುಕ್ಕಾಲಿಗೆ ಬಂತು ಎಂದೆ. ಮುಳ್ಳು ಏರಿದಷ್ಟೂ ಅವಳ ಮುಖ ಅರಳುತ್ತಿತ್ತು. ಕೆಂಪು ಗೆರೆ ಇನ್ನೇನು ಬಂತು ಎನ್ನುವಾಗ ಏಸಿಯ ಕಿಂಡಿಗೆ ಮೂಗು ತಂದು ಒಮ್ಮೆ ಮೂಸಿದಳು.

"ಹತ್ತಿ ಕಾಯ್ತಾ ಇದೆ," ಎಂದಳು.

ಇದು ಕಾರು, ಹಾಸಿಗೆ ಅಂಗಡಿಯಲ್ಲ ಎಂದು ನಾನು ರೇಗಿದೆ. ಅಕ್ಕನಿಗೂ ಮೂಸಿ ನೋಡಲು ಹೇಳಿದೆ. ತಮ್ಮನ ಅಂಗಿಯ ವಾಸನೆ ಬಿಟ್ಟು ಬೇರೇನೂ ಬರುತ್ತಿಲ್ಲ ಎಂದಳು. ಅಮ್ಮ ಮಾತ್ರ ಜಗ್ಗಲಿಲ್ಲ.

"ನೆನೆದ ಹತ್ತಿ ಅದು. ಒದ್ದೆ ಹಾಸಿಗೇನ ಬಿಸಿಲಿಗೆ ಹಾಕಿದಾಗ ಬರುತ್ತಲ್ಲ, ಅದೇ. ಎಂಜಿನ್ ನಿಂಗೆ ಗೊತ್ತು, ಹತ್ತಿ ನಂಗೆ ಗೊತ್ತು."

ಅವಳ ಬಾಯಿ ಮುಚ್ಚಿಸಬೇಕೆಂಬ ಹಟಕ್ಕೇ ಏಸಿ ಆರಿಸಿ ಗಾಡಿಯನ್ನು ಗ್ಯಾರೇಜಿಗೆ ತಿರುಗಿಸಿದೆ. ಏಸಿಯ ಬಿಸಿಯನ್ನು ಹೊರಹಾಕುವ ಜಾಲರಿ ಮೂತಿಯಲ್ಲಿರುತ್ತದೆ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಅದರ ಬೆನ್ನಿಗೇ. ಎರಡರ ನಡುವೆ ಒಂದು ಬೆರಳಿನಷ್ಟು ಸಂದು. ಮುಂದಿನಿಂದ ಬಗ್ಗಿದರೂ ಹಿಂದಿನಿಂದ ಇಣುಕಿದರೂ ಅದು ಕಾಣುವುದಿಲ್ಲ. ಎಂಜಿನ್ ಆರುವವರೆಗೆ ಕಾದು, ಮೇಲಿನ ಬೋಲ್ಟುಗಳನ್ನು ಬಿಚ್ಚಿ ರೇಡಿಯೇಟರನ್ನು ಹಿಂದಕ್ಕೆ ವಾಲಿಸಿದೆ. ಒಳಗಿಂದ ಬೂದು ಬಣ್ಣದ ಕಂಬಳಿಯಂಥದ್ದೊಂದು ಇಡಿಯಾಗಿ ಎದ್ದು ಬಂತು.

ಅಕ್ಕ ದಿನಾ ಕಾರು ನಿಲ್ಲಿಸುವುದು ಅಂಗಡಿಯ ಹತ್ತಿ ಹಿಂಜುವ ಮೆಷಿನ್ನಿಗೆ ಎದುರಾಗಿ. ಸಾಮಾನು ಇಳಿಸುವಷ್ಟು ಹೊತ್ತೂ ಎಂಜಿನ್ ಆರಿಸುವ ಅಭ್ಯಾಸವಿಲ್ಲ. ಹಾರಿ ಬಂದ ಎಳೆಗಳನ್ನೆಲ್ಲ ಫ್ಯಾನು ಒಳಗೆಳೆದುಕೊಂಡಿತ್ತು. ಮುಂದಿನ ಜಾಲರಿಯಲ್ಲಿ ಉಳಿದಿದ್ದನ್ನು ನಾನು ನೀರು ಹೊಡೆದು ಸಂದಿಗೆ ನೂಕಿದ್ದೆ. ಏಸಿ ಇಲ್ಲದಾಗ ನುಸುಳಿದಷ್ಟು ಗಾಳಿ ಎಂಜಿನ್ನಿಗೆ ಸಾಕಾಗುತ್ತಿತ್ತು, ಏಸಿಯ ಬಿಸಿಯೂ ಸೇರಿದರೆ ಸಾಲುತ್ತಿರಲಿಲ್ಲ.

ಅಮ್ಮ ಕೈ ಚಾಚಿ ಅದನ್ನು ಮಡಿಲಿಗೆ ಹಾಕಿಕೊಂಡು ಬೆರಳಾಡಿಸಿದಳು. ನಮ್ಮ ಮೆಷಿನ್ನಿಂದೇ, ಎರಡನೇ ಸಲ ಹಿಂಜಿದ್ದು ಎಂದಳು. ಆಮೇಲೆ, ನೀರು ಹೊಡೆದು ಇಷ್ಟು ಚೆನ್ನಾಗಿ ತಟ್ಟಿ ಕೂರಿಸಿದ ಪುಣ್ಯಾತ್ಮ ಯಾರು ಎಂದು ಕೇಳಿದಳು. ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ನಗುತ್ತಿದ್ದ ಅಮ್ಮ ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಗಾಡಿ ಸರಿಹೋಗಿಬಿಟ್ಟಿತಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಎಲ್ಲ ಜೋಡಿಸಿ ಮತ್ತೆ ರಸ್ತೆಗೆ ಇಳಿದೆವು. ಅರ್ಧ ಗಂಟೆಯಾದರೂ ಮುಳ್ಳು ಅರ್ಧ ದಾಟಲಿಲ್ಲ. ಎರಡು ಸಲ ಕೇಳಿ ಅದೇ ಉತ್ತರ ಬಂದ ಮೇಲೆ ಅಮ್ಮ ಕೇಳುವುದನ್ನೇ ಬಿಟ್ಟಳು. ಗ್ಯಾರೇಜಿಗೆ ಬಂದು ನಿಲ್ಲಿಸಿದರೂ ಇಳಿಯಲಿಲ್ಲ.

"ಈಗ ನಿಮ್ಮಿಬ್ಬರ ಆಕಾರ ಆದ್ರೂ ಕಾಣುತ್ತೆ. ಆಪರೇಷನ್ನಲ್ಲಿ ಅದೂ ಹೋದ್ರೆ ನಾನೇನೋ ಮಾಡ್ಲಿ?"

ಇಷ್ಟು ದಿನ ನಾನು ಅದನ್ನು ಮೊಂಡುತನ ಎಂದುಕೊಂಡಿದ್ದೆ. ನನ್ನ ಕೋಪವೆಲ್ಲ ಅಲ್ಲೇ ಇಳಿದುಹೋಯಿತು.

"ನಂಗೂ ಭಯಾನೇ ಅಮ್ಮ," ಎಂದೆ. "ಆದ್ರೂ ಹೋಗೋಣ."

ಅವಳು ಸೆರಗಿನ ತುದಿ ಹೊಸೆಯುತ್ತ, ಹೋಗುವಾಗಲೂ ಬರುವಾಗಲೂ ಮುಂದಿನ ಸೀಟು ತನಗೇ ಎಂದಳು.

ಗುರುವಾರ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಎಲ್ಲ ಚೆನ್ನಾಗಿದೆ ಎಂದು ಡಾಕ್ಟರು ಕಳಿಸಿಕೊಟ್ಟರು. ಆದರೆ ಅಮ್ಮ ಮಾತ್ರ ತುಟಿ ಬಿಚ್ಚಲಿಲ್ಲ. ಕಾಣುತ್ತಾ ಎಂದು ಕೇಳಲು ಅಕ್ಕನಿಗೂ ಧೈರ್ಯ ಬರಲಿಲ್ಲ, ನನಗೂ ಬರಲಿಲ್ಲ. ಕಿಟಕಿ ಮುಚ್ಚಿ, ಏಸಿ ಹಾಕಿ ಹೊರಟೆವು. ಹೊರಗೆ ನಡುಮಧ್ಯಾಹ್ನದ ಬಿಸಿಲು, ಮುಂದಿನ ಲಾರಿ ಎಬ್ಬಿಸಿದ ಧೂಳು. ದೊಡ್ಡ ಏರು ಬಂತು. ಈಗಲಾದರೂ ಮುಳ್ಳು ಎಲ್ಲಿದೆ ಎಂದು ಕೇಳಲಿ ಎಂದು ಕಾದೆ.

ಅಮ್ಮ ನನ್ನ ಕಡೆಗೆ ಸ್ವಲ್ಪ ವಾಲಿದಳು.

"ಅರ್ಧಕ್ಕಿಂತ ಒಂದು ಗೆರೆ ಕೆಳಗಿದೆ," ಎಂದಳು. "ನೀನು ರಸ್ತೆ ನೋಡು."

ರಸ್ತೆ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಣ್ಣು ತುಂಬಿ ಎಲ್ಲ ಕಲಸಿಹೋಗಿತ್ತು. ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಹಿಂದಿನಿಂದ ಅಕ್ಕ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಮ್ಮ ಕನ್ನಡಕದ ಹಿಂದಿನಿಂದಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೂದಲು ನೋಡಿದಳು, ಗಡ್ಡ ನೋಡಿದಳು, ಅವಳ ಕಣ್ಣು ಅಂಗಿಯ ಹತ್ತಿರ ಬಂದು ನಿಂತಿತು. ಎರಡನೇ ಗುಂಡಿ ಬೇರೆ ಬಣ್ಣದ್ದು, ಇದನ್ನು ಹೊಲಿದವರು ಯಾರು ಎಂದು ಕೇಳಿದಳು. ಅಕ್ಕ ತಾನೇ ಎಂದು ಒಪ್ಪಿಕೊಂಡು, ಒಂದು ತಿಂಗಳು ಸೂಜಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದನ್ನು ಮೆಲ್ಲಗೆ ನೆನಪಿಸಿದಳು.

"ತಿಂಗಳು ಆಗ್ಲಿ," ಎಂದಳು ಅಮ್ಮ. "ದಾರ ನಾನೇ ಪೋಣಿಸ್ತೀನಿ."