ಬಚ್ಚಲೊಲೆಯ ಪಕ್ಕದ ಆಲ

ರಾಮಸ್ವಾಮಿ ಮೇಷ್ಟ್ರ ಕುಂಡದ ಹುಣಸೆಮರ ಮೊಳದುದ್ದವೂ ಇರಲಿಲ್ಲ. ಆದರೆ ಅದು ಪಕ್ಕದ ಮನೆಯ ಕೆಂಪಣ್ಣನ ಹೊಟ್ಟೆಯಲ್ಲಿ ಎಬ್ಬಿಸಿದ್ದ ಉರಿ ಇಡೀ ಕೆ.ಆರ್.ಎಸ್. ಕಾಲೊನಿಯ ಒಲೆಗಳಿಗೆ ಸಾಕಾಗುತ್ತಿತ್ತು. ಅಣೆಕಟ್ಟೆಯಲ್ಲಿ ನೌಕರಿ ಮಾಡುವ ಕೆಂಪಣ್ಣನೂ ಒಂದು ಆಲವನ್ನು ಹನ್ನೊಂದು ವರ್ಷ ತಂತಿ ಸುತ್ತಿ, ಬೇರು ಕತ್ತರಿಸಿ, ಕುಂಡದಲ್ಲೇ ಕುಳ್ಳಾಗಿ ಬೆಳೆಸಿದ್ದ. ಆದರೂ ಎರಡು ವರ್ಷದಿಂದ ಮೈಸೂರಿನ ಫಲಪುಷ್ಪ ಪ್ರದರ್ಶನದಲ್ಲಿ ಮೊದಲ ಬಹುಮಾನ ಹುಣಸೆಗೇ. ಈ ಸಲವೂ ಸೋತರೆ ಮತ್ತೆ ಕುಂಡ ಮುಟ್ಟುವುದಿಲ್ಲವೆಂದು ಹೆಂಡತಿ ಅಣ್ಣಮ್ಮನ ಮುಂದೆ ಆಣೆ ಇಟ್ಟಿದ್ದ.

ತೊಂಬತ್ತಾರರ ಡಿಸೆಂಬರಿನಲ್ಲಿ ಚಳಿ ಹಲ್ಲು ಕಟಕಟಿಸುವಂತೆ ಬಿತ್ತು. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ನಾಗಮಂಗಲಕ್ಕೆ ಹೊರಟ ಮೇಷ್ಟ್ರು ಹುಣಸೆಯನ್ನು ಹೊತ್ತು ತಂದರು.

"ಈ ಗಾಳಿ ಇದಕ್ಕೆ ಆಗಲ್ಲ ಕೆಂಪಣ್ಣ. ಸಂಜೆ ಒಳಗಿಡಿ, ಬಿಸಿಲೇರಿದ ಮೇಲೆ ಹೊರಗಿಡಿ. ನಿಮ್ಮನ್ನ ಬಿಟ್ಟು ಬೇರೆ ಯಾರ ಕೈಗೂ ಕೊಡೋಕೆ ಧೈರ್ಯ ಬರಲಿಲ್ಲ."

"ನೀವು ಓಗ್ಬನ್ನಿ ಮೇಷ್ಟ್ರೆ, ನಾನಿಲ್ವಾ?" ಎಂದ ಕೆಂಪಣ್ಣ, ಮಾತಿಗೆ ಬೆಲ್ಲ ಸವರಿ.

ಅಂದು ಸಂಜೆಯೇ ಹುಣಸೆ ಗಾಳಿಗೆ ಎದುರಾಗಿ ಕಾಂಪೌಂಡ್ ಗೋಡೆ ಏರಿತು. ಒಣಗಿಸಿ ಕೊಂದ ಎನ್ನಬಾರದೆಂದು ನೀರು ಮಾತ್ರ ಹಾಕಿದ. ತನ್ನ ಆಲವನ್ನು ಬಚ್ಚಲಿಗೆ ಒಯ್ದು, ಹಂಡೆಯೊಲೆಯ ಮಗ್ಗುಲಲ್ಲಿ ಕೂರಿಸಿ ಗೋಣಿ ಹೊದಿಸಿದ. ಅವನ ಹುಟ್ಟೂರು ಅಕ್ಕಿಹೆಬ್ಬಾಳಿನ ಮನೆಯಲ್ಲಿ ಚಳಿಗಾಲದ ಎಳೆಗರುವನ್ನು ಹಾಗೆಯೇ ಒಲೆಯ ಪಕ್ಕ ಕಟ್ಟುತ್ತಿದ್ದರು. ಕರುವಿಗೆ ಒಗ್ಗಿದ್ದು ಮರಕ್ಕೆ ಒಗ್ಗದೆ ಇರುತ್ತದೆಯೇ?

"ಅವರ ಗಿಡ ಈಚೆಲೇ ಐತಲ್ಲ!" ಎಂದಳು ಅಣ್ಣಮ್ಮ.

"ಇರ್ಲಿ ಬುಡು. ಬಹುಮಾನ ತಕ್ಕಂಡಿರೋ ಮರಕ್ಕೆ ಚಳಿ ಆಯ್ತದಾ?"

"ನಂಬಿ ಕೊಟ್ಟವ್ರೆ ಕಣಪ್ಪ. ಒಟ್ಟೆಕಿಚ್ಚು ಇಟ್ಕಂಡೋರ ಒಟ್ಟೆನೇ ಸುಡೋದು."

ಆಲ ಎಲೆ ಉದುರಿಸತೊಡಗಿತು. ಇನ್ನೂ ಚಳಿ ಬಿಟ್ಟಿಲ್ಲವೆಂದು ಕೆಂಪಣ್ಣ ಒಲೆಗೆ ಇನ್ನೊಂದು ಸೌದೆ ತುರುಕಿದ. ಹದಿನೈದನೆಯ ದಿನ ಗೋಣಿ ಸರಿಸಿ ಕೊಂಬೆ ಮುಟ್ಟಿದರೆ ಅದು ಪಟಕ್ಕನೆ ಮುರಿಯಿತು. ಹೊರಗೆ ಹುಣಸೆ ನಾಲ್ಕು ಎಲೆ ಹಳದಿ ಮಾಡಿಕೊಂಡು ಗಟ್ಟಿಯಾಗಿ ನಿಂತಿತ್ತು. ಕೆಂಪಣ್ಣ ಬಚ್ಚಲಲ್ಲೇ ಕುಳಿತು ಅತ್ತ.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದರು. ಗೋಡೆಯ ಮೇಲೆ ಬಿಸಿಲಿಗಿದ್ದ ಹುಣಸೆಯನ್ನು ನೋಡಿದರು, ಬಚ್ಚಲಿನಿಂದ ಅಂಗಳಕ್ಕೆ ತಂದಿಟ್ಟಿದ್ದ ಬೋಳು ಆಲವನ್ನೂ ನೋಡಿದರು. ಅವರ ಕಣ್ಣು ತುಂಬಿತು.

"ನನ್ನದನ್ನ ನೋಡಿಕೊಳ್ಳೋದ್ರಲ್ಲಿ ನಿಮ್ಮದನ್ನೇ ಕಳಕೊಂಡ್ರಲ್ಲ ಕೆಂಪಣ್ಣ! ಇನ್ನು ಇದು ನಿಮ್ಮದು. ಈ ಸಲ ನಿಮ್ಮ ಹೆಸರಲ್ಲೇ ಪ್ರದರ್ಶನಕ್ಕೆ ಹೋಗಲಿ."

ನಿಜ ಹೇಳಬೇಕೆಂದು ಕೆಂಪಣ್ಣ ಬಾಯಿ ತೆರೆದ. ಬಾಗಿಲಲ್ಲಿ ನಿಂತಿದ್ದ ಅಣ್ಣಮ್ಮ ಅವನ ಬಾಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವನ ಕೈಗಳು ಕುಂಡವನ್ನು ತೆಗೆದುಕೊಂಡಿದ್ದವು.

ಜನವರಿಯಲ್ಲಿ ಮೊದಲ ಬಹುಮಾನಕ್ಕೆ ಕೆಂಪಣ್ಣನ ಹೆಸರು ಕೂಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮೇಷ್ಟ್ರು. ಕಪ್ಪು ಹಿಡಿದು ನಿಂತ ಕೆಂಪಣ್ಣ ಅವರ ನಗುಮುಖ ನೋಡಿದ. ಇಂಥ ಮನಸ್ಸೂ ಈ ಮನುಷ್ಯನಿಗೇ ಇರಬೇಕೇ ಎಂದು ಅವನ ಹೊಟ್ಟೆ ಮತ್ತೆ ಉರಿಯಿತು.