ಎದೆಮಟ್ಟದ ಪ್ಲಗ್ಗುಗಳು

ಬಣ್ಣ ಇನ್ನೂ ಹಸಿ, ನಿನ್ನೆಯೋ ಮೊನ್ನೆಯೋ ಬಳಿದದ್ದು, ಅದರಡಿಯಲ್ಲಿ ಇನ್ನೊಂದು ವಾಸನೆ, ಒದ್ದೆ ಗೋಣಿಯದು — ಇಲ್ಲ, ಅದು ತನ್ನ ಮೂಗಿನ ಚಟ, ಯಾವ ಮನೆಗೆ ಕಾಲಿಟ್ಟರೂ ಒದ್ದೆಯನ್ನೇ ಹುಡುಕುವ ಚಟ, ಎಂದುಕೊಳ್ಳುತ್ತಾ ಲಿನ್ಸಿ ಕೋಟಿನ ಗುಂಡಿ ಬಿಚ್ಚಿದಳು, ಬಿಚ್ಚಿ ಮತ್ತೆ ಹಾಕಿಕೊಂಡಳು, ಹತ್ತೇ ನಿಮಿಷ ನೋಡಮ್ಮ ಅಂದಿದ್ದಾಳೆ ಮನೆ ತೋರಿಸುವ ಡೆನೀಸ್, ಹೊರಗೆ ಆ ಕೆಂಪು ಕಾರಲ್ಲಿ ಇನ್ನೊಂದು ಜೋಡಿ ಕೂತಿದೆ, ನೀವು ಹೂಂ ಅಂದ್ರೆ ನಿಮಗೆ, ಇಲ್ಲಾಂದ್ರೆ ಅವರಿಗೆ, ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಮನೆ, ಸ್ಕೂಲು ರಸ್ತೆಯಾಚೆ, ಎರಡು ಹೆಜ್ಜೆಗೆ ಪಾರ್ಕು. ಇದು ಎಂಟನೆಯ ಮನೆ, ಒಂದರಲ್ಲಿ ಮಕ್ಕಳು ಬೇಡ ಅಂದರು, ಇನ್ನೊಂದರಲ್ಲಿ ಮುದುಕಿಯೂ ಬರ್ತಾರಾ ಅಂದರು, ಮತ್ತೊಂದರ ಮೆಟ್ಟಿಲು ಏಣಿಯಷ್ಟು ಕಡಿದು, ಕೊವೆಂಟ್ರಿಯ ಮನೆಯೊಡೆಯ ಕೊಟ್ಟ ಗಡುವಿಗೆ ಉಳಿದಿರುವುದು ಹನ್ನೆರಡು ದಿನ, ಆ ಮನೆಯ ಮಲಗುವ ಕೋಣೆಯಲ್ಲಿ ಕಪ್ಪು ಬೂಷ್ಟು, ಪ್ರತಿ ಭಾನುವಾರ ಬ್ಲೀಚಿನಲ್ಲಿ ಒರೆಸಿದರೂ ಗುರುವಾರಕ್ಕೆ ಮತ್ತೆ ಹಾಜರು, ಅದರ ಕೆಳಗೆ ಮಲಗಿ ಟಿಲ್ಲಿಯ ಎದೆ ಸೀಟಿ ಹೊಡೆಯುತ್ತದೆ, ಏಳು ವರ್ಷದ ಮಗುವಿನ ಎದೆ ಮುದುಕರ ಎದೆಯ ಹಾಗೆ. ಮೇಲಿನಿಂದ ಅವಳ ಕೂಗು ಬಂತು, ಅಮ್ಮಾ, ಇಲ್ಲಿ ಕಿಟಕಿಯಿಂದ ಸ್ಕೂಲಿನ ಜಾರುಬಂಡೆ ಕಾಣ್ಸುತ್ತೆ, ಈ ಕೋಣೆ ನಂದೇ! ಓಡಿ ಹತ್ತಿದ್ದಾಳೆ, ಕೆಮ್ಮಿಲ್ಲ, ಒಂದೂ ಕೆಮ್ಮಿಲ್ಲ. ಸೀಟಿಯೂ ಇಲ್ಲ.

ಮುಂಗೋಣೆಯಲ್ಲಿ ಅತ್ತೆ ಮೇವಿಸ್ ಮಡಿಚುವ ಸ್ಟೂಲಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಾಳೆ, ಈ ಕೋಣೆ ಅವಳಿಗೆ, ಮೆಟ್ಟಿಲು ಹತ್ತಲಾರದವಳಿಗೆ ಕೆಳಗೇ ಒಂದು ಕೋಣೆ, ಪಕ್ಕದಲ್ಲೇ ಕಕ್ಕಸು, ಇದಕ್ಕಿಂತ ಇನ್ನೇನು ಬೇಕು. ಮಂಚ ಇಲ್ಲಿ ಹಾಕು ರಸೆಲ್, ಕಿಟಕಿ ಕಡೆ ತಲೆ, ಟೀವಿ ಅಲ್ಲಿ, ಅಂದವಳು ಗೋಡೆಯತ್ತ ಊರುಗೋಲು ಎತ್ತಿ ತೋರಿಸಿ ನಕ್ಕಳು, ನೋಡ್ರೋ, ಕೊನೆಗೂ ತಲೆ ಇರೋನು ಯಾರೋ ಮನೆ ಕಟ್ಟಿದ್ದಾನೆ, ಎಂಬತ್ತೊಂದು ವರ್ಷ ನೆಲಕ್ಕೆ ಬಗ್ಗಿ ಪ್ಲಗ್ಗು ಚುಚ್ಚಿದ್ದು ಸಾಕಾಯ್ತು, ನನ್ನ ಟೀವಿಗಿಂತ ಹೆಚ್ಚು ಸಲ ನಾನೇ ಕೆಟ್ಟು ಕೂತಿದೀನಿ! ಗಂಡ ರಸೆಲ್ ಕೂಡ ನಕ್ಕ, ವಯಸ್ಸಾದೋರಿಗೆ ಅಂತಲೇ ಮಾಡಿರಬೇಕು ಅಮ್ಮ ಅಂದ. ಲಿನ್ಸಿ ಆಗ ನೋಡಿದಳು, ನೋಡಬಾರದಿತ್ತು, ಎಲ್ಲ ಮನೆಗಳಲ್ಲಿ ಪಾದದ ಬಳಿ ಇರುವ ಪ್ಲಗ್ಗು ಇಲ್ಲಿ ಗೋಡೆಯ ನಡುವೆ, ಎದೆಯ ಮಟ್ಟಕ್ಕೆ, ಒಂದಲ್ಲ, ನಾಲ್ಕೂ ಗೋಡೆಯಲ್ಲಿ, ಬಿಳಿಯ ಚಚ್ಚೌಕಗಳು ಒಂದೇ ಗೆರೆಯಲ್ಲಿ, ಯಾರೋ ದಾರ ಹಿಡಿದು ಅಳೆದ ಹಾಗೆ. ದಾರವಲ್ಲ, ಟೇಪು, ಅಪ್ಪ ಅಳತೆ ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಕಲೆ ಎಲ್ಲಿದೆಯೋ ಅಲ್ಲಿ ಹಿಡ್ಕೋ ಲಿನ್ಸ್, ಅಲುಗಾಡಿಸ್ಬೇಡ, ಎಂದಿದ್ದ, ಆ ಕಂದು ಕಲೆ ಒಂಬತ್ತು ವರ್ಷದ ಅವಳ ಗಲ್ಲದ ಸಮಕ್ಕೆ ಬಂದಿತ್ತು, ಅದರ ಮೇಲೊಂದು ಗೇಣು ಬಿಟ್ಟು ಅಪ್ಪ ಗೋಡೆ ಕೆತ್ತಿದ, ಇನ್ಮೇಲೆ ನೀರು ಬಂದ್ರೂ ಕರೆಂಟಿಗೆ ಏನೂ ಆಗಲ್ಲ, ಓಣಿಯ ಗಂಡಸರೆಲ್ಲ ಆ ಮಾರ್ಚಿನಲ್ಲಿ ಗೋಡೆ ಕೆತ್ತಿದರು, ಮನೆಮನೆಯಿಂದ ಉಳಿಯ ಸದ್ದು, ಅಜ್ಜಿಯ ಬಗ್ಗೆ ಯಾರೂ ಮಾತಾಡಲಿಲ್ಲ, ಪ್ಲಗ್ಗಿನ ಬಗ್ಗೆಯೇ ಮಾತಾಡಿದರು.

ಹೊಳೆ ಇಲ್ಲೂ ಬೇಲಿಯ ಹಿಂದೆಯೇ ಇದೆ, ಅದೇ ಹೊಳೆ, ತನ್ನೂರಿನಿಂದ ಹದಿನಾಲ್ಕು ಮೈಲಿ ಇಳಿದು ಬಂದಿದೆ ಅಷ್ಟೆ, ಬಾತುಕೋಳಿ ಕೂಗ್ತಿವೆ ಕೇಳ್ರೋ ಅನ್ನುತ್ತಾಳೆ ಮೇವಿಸ್, ನೀರಿನ ಸದ್ದಿದ್ರೆ ನಂಗೆ ಮಾತ್ರೆಯಿಲ್ದೆ ನಿದ್ದೆ ಬರುತ್ತೆ. ರಸೆಲ್ ಮಗಳನ್ನು ನೋಡಲು ಮೇಲೆ ಹೋದ, ತನ್ನ ಕೆಲಸದ ಹೊಸ ಡಿಪೋಗೆ ಇಲ್ಲಿಂದ ಆರು ನಿಮಿಷ, ಎರಡು ಸಲ ಹೇಳಿದ್ದಾನೆ, ಅವನಿಗೆ ಗೊತ್ತಿಲ್ಲ, ಹದಿನೈದು ವರ್ಷದ ಸಂಸಾರದಲ್ಲಿ ಅವಳು ಹೇಳಿದ್ದು ಇಷ್ಟೇ, ಅಜ್ಜಿಗೆ ಹೃದಯಾಘಾತ ಆಯ್ತು, ನಾನಾಗ ಚಿಕ್ಕವಳು. ಲಿನ್ಸಿ ಹೊಸಿಲಿಗೆ ಬಂದಳು, ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಲೋಹದ ತೋಡು, ಹಲಗೆ ಇಳಿಸಿ ನೀರು ತಡೆಯುವುದಕ್ಕೆ, ಇದಾ, ಹಿಂದೆ ಇದ್ದೋರು ನಾಯಿ ಸಾಕಿದ್ರು, ಅಡ್ಡ ಹಾಕ್ತಿದ್ರು, ಅಂದಳು ಡೆನೀಸ್, ಯಾರೂ ಕೇಳದೆಯೇ. ಲಿನ್ಸಿ ತಲೆ ಎತ್ತಿದಾಗ ಅವಳು ಬೀಗದ ಕೈ ಗೊಂಚಲಿನಲ್ಲಿ ಏನೋ ಹುಡುಕುತ್ತಿದ್ದಳು, ಆಮೇಲೆ ಹುಡುಕುವುದನ್ನು ಬಿಟ್ಟು ಮೆಲ್ಲಗೆ ಕೇಳಿದಳು, ನೀವು ಈ ಕಣಿವೆಯೋರೇನಮ್ಮ? ಇವಳಿಗೂ ಗೊತ್ತು, ನನಗೆ ಗೊತ್ತೆಂಬುದೂ ಇವಳಿಗೆ ಗೊತ್ತಾಗುತ್ತಿದೆ, ಹೌದು ಅನ್ನು, ಒಂದು ಹೌದು, ಆಮೇಲೆ ಇನ್ನೇನೂ ಹೇಳಬೇಕಿಲ್ಲ — ಇಲ್ಲ, ನಾವು ಕೊವೆಂಟ್ರಿ ಕಡೆಯೋರು, ಅಂದಳು ಲಿನ್ಸಿ. ಒಳ್ಳೇದಾಯ್ತು, ಅಂದಳು ಡೆನೀಸ್, ಏನು ಒಳ್ಳೆಯದಾಯಿತೋ, ಉಸಿರು ಬಿಟ್ಟದ್ದು ಕೇಳಿಸಿತು.

ಮೇಲ್ಗಡೆ ಊರುಗಳಲ್ಲಿ ಈಗ ತಡೆಗೋಡೆ ಕಟ್ಟಿದ್ದಾರಂತೆ, ಫೋನಿಗೆ ಸಂದೇಶ ಬರುತ್ತದಂತೆ, ಆಗಿನ ಹಾಗಲ್ಲ, ಆಗ ಗುಡ್ಡದ ಮೇಲಿನ ಸೈರನ್ ಒಂದೇ, ಫೆಬ್ರವರಿ, ಶಾಲೆಗೆ ರಜೆ, ಬೆಳಗಿನ ಹತ್ತು ಗಂಟೆ, ಅಮ್ಮ ಬೇಕರಿಯಲ್ಲಿ, ಅಪ್ಪ ಗಿರಣಿಯಲ್ಲಿ, ಕೂಗ್ಲಿ ಬಿಡೇ ಅದಕ್ಕೇನು, ಅಂದಿದ್ದಳು ಮುಂಗೋಣೆಯ ಮಂಚದಿಂದ ಅಜ್ಜಿ, ಸೊಂಟ ಮುರಿದ ಮೇಲೆ ಅವಳ ಹಾಸಿಗೆ ಅಲ್ಲೇ, ನಾನು ಮೂರು ನೆರೆ ನೋಡಿದೋಳು, ನೀನು ಮೊದಲು ಕಂಬಳಿ ಮಹಡಿಗೆ ಹಾಕು, ಆಮೇಲೆ ಬೂಟು, ಆಮೇಲೆ ಫೋಟೋ, ಸಕ್ಕರೆ ಡಬ್ಬಿ. ಸೈರನ್ ಆದರೆ ಮೊದಲು ಸಾಮಾನು, ಓಣಿಯ ರೂಢಿಯೇ ಅದು, ಸಾಮಾನು ಮೇಲೆ, ಜನ ಆಮೇಲೆ, ಜನ ಹೇಗೂ ನಡೆಯುತ್ತಾರಲ್ಲ. ಕಂಬಳಿ, ಬೂಟು, ಫೋಟೋ, ಅವಳು ಮೂರು ಸಲ ಹತ್ತಿ ಇಳಿದಳು, ನೀರು ಬಾಗಿಲಿಂದ ಬರಲಿಲ್ಲ, ನೆಲದ ಹಲಗೆಗಳ ಸಂದಿಯಿಂದ ಎದ್ದು ಬಂತು, ಕಾಫಿಯ ಬಣ್ಣ, ನಾಲ್ಕನೇ ಸಲ ಸಕ್ಕರೆ ಡಬ್ಬಿ ಹಿಡಿದು ಹತ್ತಿದವಳು ಕಿಟಕಿಯ ಬಳಿ ನಿಂತುಬಿಟ್ಟಳು, ಹೊರಗೆ ಕಸದ ಡಬ್ಬಿಗಳು ಮೆರವಣಿಗೆ ಹೊರಟಿದ್ದವು, ಯಾರದೋ ಬಾತ್‌ಟಬ್ಬಿನಲ್ಲಿ ಬೆಕ್ಕು, ಎಷ್ಟು ಚೆನ್ನಾಗಿತ್ತು, ಅವಳು ಡಬ್ಬಿಯಿಂದ ಸಕ್ಕರೆ ತಿನ್ನುತ್ತಾ ನೋಡಿದಳು. ಲಿನ್ಸೀ, ಕೋಲು ತೇಲಿ ಹೋಯ್ತು, ಬಂದು ಒಂದು ಕೈ ಕೊಡೇ. ಕೇಳಿಸಿತ್ತು. ಇಳಿದರೆ ಕಾಲ್ಚೀಲ ಒದ್ದೆಯಾಗುತ್ತದೆ, ಸಕ್ಕರೆ ತಿಂದದ್ದು ತುಟಿಯಲ್ಲಿದೆ, ಬೈಸಿಕೊಳ್ಳಬೇಕು, ಒರೆಸಿಕೊಂಡು ಹೋದರಾಯಿತು. ಎರಡನೇ ಸಲ ಬರೀ ಹೆಸರು. ಮೂರನೇ ಸಲಕ್ಕೆ ಅವಳು ಕಾದಳು, ಮೂರನೇ ಸಲ ಕರೆದರೆ ಹೋಗುತ್ತೇನೆ ಎಂದು ಕಾದಳು.

ಏನಮ್ಮಾ, ಆ ಕಾರಿನೋರು ಇಳಿದ್ರು ನೋಡಿ, ಅನ್ನುತ್ತಿದ್ದಾಳೆ ಡೆನೀಸ್, ರಸೆಲ್ ಮೆಟ್ಟಿಲಿಳಿದು ಬಂದಿದ್ದಾನೆ, ಟಿಲ್ಲಿ ಅವನ ಬೆನ್ನ ಮೇಲೆ, ಕೆನ್ನೆ ಕೆಂಪಾಗಿದೆ, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡುತ್ತಿದೆ ಮಗು, ಕೊವೆಂಟ್ರಿಯಲ್ಲಿ ಹಾಗೆ ಉಸಿರಾಡಿದ್ದು ಯಾವಾಗ, ಹೇಳಬೇಕು, ಈಗಲೇ, ಅಂಗಳದಲ್ಲಿ, ಇಲ್ಲ, ಕಾರಿನಲ್ಲಿ, ಇಲ್ಲ, ಕಾರಿಗೆ ಹೋಗುವಷ್ಟರಲ್ಲಿ ಮನೆ ಹೋಗಿರುತ್ತದೆ, ಹನ್ನೆರಡು ದಿನ, ಆಮೇಲೆ ಕೌನ್ಸಿಲ್‌ನವರು ಕೊಡುವ ಒಂದೇ ಕೋಣೆ, ನಾಲ್ಕು ಜನ, ಇನ್ನೊಂದು ಬೂಷ್ಟು, ಮತ್ತೆ ನೆರೆ ಪ್ರತಿ ವರ್ಷ ಬರುತ್ತದೆಯೇ, ಹತ್ತು ವರ್ಷಕ್ಕೊಮ್ಮೆ, ಹತ್ತು ವರ್ಷದಲ್ಲಿ ಟಿಲ್ಲಿಗೆ ಹದಿನೇಳು, ಹತ್ತು ವರ್ಷದಲ್ಲಿ ಮೇವಿಸ್ — ಅಲ್ಲಿಗೆ ಲೆಕ್ಕ ನಿಂತಿತು, ತಾನು ಏನನ್ನು ಕೂಡಿಸುತ್ತಿದ್ದೇನೆಂದು ತಿಳಿಯಿತು. ಏನಂತೀಯ ಲಿನ್ಸ್, ನೀನು ಹೂಂ ಅಂದ್ರೆ ಹೂಂ, ಅಂದ ರಸೆಲ್. ಅವಳನ್ನೇನು ಕೇಳ್ತೀಯ, ಇಲ್ಲಿ ಮಲಗೋಳು ನಾನು, ಅಂದಳು ಮೇವಿಸ್, ಆಮೇಲೆ ದನಿ ತಗ್ಗಿಸಿ, ನಿಂಗೆ ಇಷ್ಟ ಆಯ್ತೇನಮ್ಮ, ನನಗೋಸ್ಕರ ಅಂತ ಒಪ್ಕೋಬೇಡ. ಹದಿನೈದು ವರ್ಷದಲ್ಲಿ ಆಕೆ ಹಾಗೆ ಕೇಳಿದ್ದು ಇದೇ ಮೊದಲು.

ಚೆನ್ನಾಗಿದೆ, ಅಂದಳು ಲಿನ್ಸಿ, ತಗೊಳ್ಳೋಣ.

ಡೆನೀಸ್ ಕಾರಿನವರಿಗೆ ಕೈಯಾಡಿಸಿದಳು, ಟಿಲ್ಲಿ ಕಿರುಚಿದಳು, ರಸೆಲ್ ಲಿನ್ಸಿಯ ನೆತ್ತಿಗೆ ಮುತ್ತಿಟ್ಟು ಏನೋ ಅಂದ, ಏನೆಂದನೋ, ಮೇವಿಸ್ ಸ್ಟೂಲಿನಲ್ಲಿ ಕೂತಲ್ಲಿಂದಲೇ ತೋಳು ಚಾಚಿದಳು, ಪ್ಲಗ್ಗಿನ ಸ್ವಿಚ್ಚು ಸಿಗುತ್ತದೋ ನೋಡಲು, ಸಿಕ್ಕಿತು, ಟಿಕ್, ನೋಡೇ ಕೂತಲ್ಲೇ ಸಿಗುತ್ತೆ, ಟಿಕ್, ಕೂತವಳ ತಲೆಗಿಂತ ಒಂದು ಗೇಣು ಮೇಲೆ ಆ ಬಿಳಿ ಚೌಕ, ಟಿಕ್, ಒಂದು ಗೇಣು, ಅಪ್ಪ ಕಲೆಯ ಮೇಲೆ ಬಿಟ್ಟಷ್ಟೇ, ಮಲಗಿದರೆ ಎಷ್ಟು, ಟಿಕ್, ತಲೆಗಿಂತ ಒಂದು ಗೇಣು ಮೇಲೆ, ಬಿಳಿ ಚೌಕ, ಅದರ ಕೆಳಗೆ ಅವಳ ತಲೆ.