ಫಿಲೊಮೆನಾ ಹಾಕಿದ ಬೇಲಿ

ಶನಿವಾರ ಬೆಳಗ್ಗೆ ಜನರನ್ನು ಬೆಟ್ಟದ ತುದಿಗೇರಿಸುವ ಮೊದಲ ಲಿಫ್ಟ್ ಹೊರಡುವ ಹೊತ್ತಿಗೆ ಫಿಲೊಮೆನಾ ತನ್ನ ಹುಲ್ಲುಗಾವಲಿಗೆ ಬೇಲಿ ಹಾಕಿ ಮುಗಿಸಿದ್ದಳು. ಫೆಬ್ರವರಿ ತಿಂಗಳು, ಶಾಲೆಗಳಿಗೆ ರಜೆ, ಆಸ್ಟ್ರಿಯಾದ ಟಿರೋಲಿನ ಆ ಊರಿನ ಹೋಟೆಲುಗಳಲ್ಲಿ ಕಾಲಿಡಲು ಜಾಗವಿಲ್ಲ. ಬೆಟ್ಟದ ತುದಿಯಿಂದ ಸ್ಕೀ ಮೇಲೆ ಜಾರಿ ಬರುವವರೆಲ್ಲ ಕೊನೆಗೆ ಇವಳ ಹುಲ್ಲುಗಾವಲನ್ನೇ ದಾಟಿ ಊರು ಸೇರಬೇಕು. ಒಂದು ಪಕ್ಕ ಕಮರಿ, ಇನ್ನೊಂದು ಪಕ್ಕ ಕಾಡು. ಅವಳು ಮೂರು ಸಾಲು ತಂತಿ ಎಳೆದು, ಯಾರೂ ಬಂದು ಡಿಕ್ಕಿ ಹೊಡೆಯದಿರಲೆಂದು ನೂರು ಹೆಜ್ಜೆ ಮೇಲೆಯೇ ಕೆಂಪು ಬಟ್ಟೆ ಕಟ್ಟಿದ್ದಳು. ಕಾಡಿನಂಚಿನಲ್ಲಿ ಒಬ್ಬರು ನಡೆಯುವಷ್ಟು ಜಾಗ ಬಿಟ್ಟಿದ್ದಳು. ಸ್ಕೀ ಬಿಚ್ಚಿ ಹೆಗಲಿಗೇರಿಸಿ, ಮೊಣಕಾಲುದ್ದ ಹಿಮದಲ್ಲಿ ಹೂತುಕೊಂಡು ಹೋಗಲಿ, ಅವಳಿಗೇನು?

"ಏನಮ್ಮಾ, ತಲೆ ಕೆಟ್ಟಿದೆಯಾ? ಟಿಕೆಟ್ ತಗೊಂಡು ಬಂದಿದೀವಿ ನಾವು!" ಎಂದು ಒಬ್ಬ ಪ್ರವಾಸಿ ಕೂಗಾಡಿದ.

"ಟಿಕೆಟ್ ಕೊಟ್ಟೋರನ್ನ ಕೇಳ್ಹೋಗಪ್ಪಾ. ಇಲ್ಲಿರೋದು ನನ್ನ ಹಸುಗಳ ಹುಲ್ಲು."

"ಈ ಹಿಮದಲ್ಲಿ ಹುಲ್ಲೆಲ್ಲಿದೆ?"

"ಅಡಿಯಲ್ಲಿದೆ. ಬಗ್ಗಿ ನೋಡು."

ಹೊಟ್ಟೆ ಉರಿಯುತ್ತಿತ್ತು ಅವಳಿಗೆ, ಮೂರು ತಿಂಗಳಿಂದ. ಆ ಊರಿನ ಪದ್ಧತಿ ಎಂದರೆ, ಹಸುಗಳು ಬೆಟ್ಟ ಇಳಿದು ಕೊಟ್ಟಿಗೆ ಸೇರಿದ ಮೇಲೆ ಲಿಫ್ಟ್ ಕಂಪನಿಯ ಯಜಮಾನ ಮನೆ ಮನೆಗೂ ಹೋಗಿ, ಅಡುಗೆಮನೆಯ ಮೇಜಿನ ಮುಂದೆ ಟೋಪಿ ತೆಗೆದು ಕೂತು, ಒಂದು ಗುಟುಕು ಷ್ನಾಪ್ಸ್ ಸಾರಾಯಿ ಕುಡಿದು, "ಈ ಸಲವೂ ನಿಮ್ಮ ನೆಲದ ಮೇಲೆ ಹಾಯಬಹುದಾ?" ಎಂದು ಕೇಳಬೇಕು. ಮನೆಯವರು ಹೂಂ ಅನ್ನುತ್ತಾರೆ. ಕಾಗದವಿಲ್ಲ, ರುಜುವಿಲ್ಲ. ಫಿಲೊಮೆನಾಳ ಹುಲ್ಲುಗಾವಲು ಅವಳ ಅಪ್ಪನದು, ಗಂಡ ಮನೆ ಅಳಿಯನಾಗಿ ಬಂದವನು. ಆದರೂ ಗಂಡ ಇರುವ ತನಕ ಅವನೇ ಹೂಂ ಅಂದ, ಇವಳು ಷ್ನಾಪ್ಸ್ ಬಗ್ಗಿಸಿ ಕೊಟ್ಟಳು. ಜೂನಿನಲ್ಲಿ ಅವನು ತೀರಿಹೋದ. ಶರತ್ಕಾಲ ಬಂದಾಗ ಇವಳು ಮೇಜು ಉಜ್ಜಿ, ಹೊಗೆಯಾಡಿಸಿದ ಮಾಂಸ ಹೆಚ್ಚಿಟ್ಟು, ಮೂರು ಸಂಜೆ ಕಾದು ಕೂತಳು. ಕಂಪನಿಯ ಯಜಮಾನ ಕಾಸ್ಪರ್ ಬರಲೇ ಇಲ್ಲ. ಪಕ್ಕದ ಮನೆಯ ಮೈದುನ ಲೋಯಿಸ್‌ನ ಅಡುಗೆಮನೆಗೆ ಹೋಗಿ, ಅವನ ಕೈಲೇ ಎರಡೂ ಮನೆಗೆ ಹೂಂ ಅನ್ನಿಸಿಕೊಂಡು ಹೋಗಿದ್ದ!

ಹತ್ತೂವರೆಗೆ ಆ ಕಾಸ್ಪರನೇ ಮೇಲಿನಿಂದ ಬಂದ. ಹತ್ತು ವರ್ಷ ಆಫೀಸಿನ ಕುರ್ಚಿ ಸವೆಸಿದ ದೇಹ, ಆದರೂ ಸಿಟ್ಟಿನ ಭರದಲ್ಲಿ ಎದ್ದೂ ಬಿದ್ದೂ ಬರುತ್ತಿದ್ದ.

"ಮೇನಾ! ತೆಗಿಯೇ ಅದನ್ನ! ಊರಿನೋರ ಹೊಟ್ಟೆ ಮೇಲೆ ಹೊಡೀತಿದೀಯಲ್ಲ, ನಾಚಿಕೆ ಆಗಲ್ವಾ?"

ಕೆಂಪು ಬಟ್ಟೆಯ ಹತ್ತಿರ ಎಲ್ಲರೂ ಸ್ಕೀ ಅಡ್ಡ ಹಿಡಿದು ನಿಂತೂ ನಿಂತೂ ಹಿಮ ಕೆರೆದು ಗಾಜಿನ ಹಾಗಾಗಿತ್ತು. ಕಾಸ್ಪರ್ ಅದರ ಮೇಲೆ ತಿರುಗಲು ಹೋಗಿ ಧಡ್ ಎಂದು ಬಿದ್ದ. ಕಿರುಚಿದ ರೀತಿಯಲ್ಲೇ ಫಿಲೊಮೆನಾಗೆ ಗೊತ್ತಾಯಿತು, ಕಾಲು ಮುರಿದಿದೆ. ಅವಳು ಮೇಲೆ ಹತ್ತಿ ಹೋಗಿ ತನ್ನ ಕೋಟು ಬಿಚ್ಚಿದಳು.

"ಮುಟ್ಟಬೇಡ ನನ್ನ!"

"ಯಾರು ಮುಟ್ಟಿದ್ರು? ಹೊದಿಸ್ತಿದೀನಿ. ಬಾಯಿ ಮುಚ್ಕೊಂಡು ಬಿದ್ದಿರು."

"ಲೋಯಿಸ್ ಹೂಂ ಅಂದಿದ್ದ ಕಣೇ..."

"ಲೋಯಿಸ್ ತನ್ನ ನೆಲಕ್ಕೆ ಅಂದ್ಕೊಳ್ಲಿ. ನನ್ನ ಮನೆಗೆ ಯಾಕೆ ಬರ್ಲಿಲ್ಲ?"

"ನಿನ್ನ ಗಂಡ ಹೋಗ್ಬಿಟ್ಟಿದ್ನಲ್ಲ, ಮಾರಾಯ್ತಿ! ಅಲ್ಲಿ ಬಂದು ಯಾರನ್ನ ಕೇಳ್ಲಿ?"

ನೋವಿನಲ್ಲೂ ಅವನು ನಿಜವಾಗಿ ತಿಳಿಯದೇ ಕೇಳುತ್ತಿದ್ದ. ಒಂದೇ ಬೆಂಚಿನಲ್ಲಿ ಕೂತು ಓದಿದವನು! ಫಿಲೊಮೆನಾಗೆ ಅಳು ಬಂತು. ಅಳಲಿಲ್ಲ.

ಗಾಯಾಳುಗಳನ್ನು ಒಯ್ಯುವ ಜಾರುಬಂಡಿ ಎಳೆದುಕೊಂಡು ರಕ್ಷಣಾ ಪಡೆಯ ರೋಮೆಡ್ ಬಂದ. ಕಾಸ್ಪರನನ್ನು ಮಲಗಿಸಿ ಬೆಲ್ಟ್ ಬಿಗಿದು, ಬೇಲಿಯವರೆಗೆ ಇಳಿಸಿ ತಂದು, "ಅಕ್ಕಾ, ಕಾಡಿನ ಪಕ್ಕ ಬಂಡಿ ಹೋಗಲ್ಲ" ಎಂದ. ಅಷ್ಟರಲ್ಲಾಗಲೇ ಫಿಲೊಮೆನಾ ಇಕ್ಕಳ ಹಿಡಿದು ತಂತಿ ಬಿಚ್ಚುತ್ತಿದ್ದಳು.

ಅದನ್ನು ನೋಡಿ ಕಾಸ್ಪರನಿಗೆ ಧೈರ್ಯ ಬಂತು. ಸುತ್ತ ನಲವತ್ತು ಐವತ್ತು ಜನ ನಿಂತಿದ್ದರು. ಎಲ್ಲರಿಗೂ ಕೇಳಿಸುವ ಹಾಗೆ, ರಾಗ ಎಳೆದು ಕೇಳಿದ: "ಫಿಲೊಮೆನಾ ಅಮ್ಮನವರೇ, ಈ ಸಲ ನಿಮ್ಮ ನೆಲದ ಮೇಲೆ ಹಾಯಬಹುದಾ?" ಆಮೇಲೆ ಅವಳ ಉತ್ತರಕ್ಕೂ ಕಾಯದೆ, "ಆಯ್ತಲ್ಲ? ಕೇಳಿದ್ದಾಯ್ತು. ರೋಮೆಡ್, ಕಂಬ ಎಲ್ಲಾ ಕೀಳಿಸ್ಬಿಡು" ಎಂದ.

ಕೆಲವರು ನಕ್ಕರು. ರೋಮೆಡ್ ಅವಳ ಮುಖ ನೋಡಿದ.

"ಬಂಡಿ ಹೋಗ್ಲಿ," ಎಂದಳು ಫಿಲೊಮೆನಾ. "ಕಾಲು ಮುರ್ಕೊಂಡೋರು ಕೇಳ್ಬೇಕಾಗಿಲ್ಲ. ಮಿಕ್ಕಿದ್ದಕ್ಕೆ ಬೇಡ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ."

"ಕೇಳಿದ್ನಲ್ಲೇ ನಾನು!"

"ನೀನು ಕೇಳ್ದೆ. ನಾನೂ ಹೇಳ್ದೆ."

ಕಾಸ್ಪರನೂ ಅವನ ಅಪ್ಪನೂ ಸೇರಿ ನಲವತ್ತು ವರ್ಷ ಈ ಪ್ರಶ್ನೆ ಕೇಳಿಕೊಂಡು ಬಂದಿದ್ದರು. ಬೇಡ ಅನ್ನಿಸಿಕೊಂಡು ಅಭ್ಯಾಸವೇ ಇರಲಿಲ್ಲ.

ಜಾರುಬಂಡಿ ದಾಟಿತು. ಹಿಂದೆಯೇ ನುಗ್ಗಲು ಬಂದ ಒಬ್ಬನ ಎದೆಗೆ ಫಿಲೊಮೆನಾ ಕೈ ಅಡ್ಡ ಇಟ್ಟಳು. ಕೋಟಿಲ್ಲದೆ ನಡುಗುತ್ತಲೇ ತಂತಿಯನ್ನು ಮತ್ತೆ ಕಂಬಕ್ಕೆ ಸುತ್ತಿ, ಇಕ್ಕಳದಿಂದ ತಿರುಚಿ ಬಿಗಿದಳು. ಆ ಮನುಷ್ಯ ಅವಳನ್ನು ಬೈಯುತ್ತಾ ಬೈಯುತ್ತಾ ಬಗ್ಗಿ ಸ್ಕೀ ಬಿಚ್ಚತೊಡಗಿದ.